ಕಲ್ಲು ಓದಿದ ಹೆಡ್‌ಮಾಸ್ಟರು

ಎಪಿಗ್ರಾಫಿಯಾ ಕರ್ನಾಟಿಕಾ ಸಂಪಾದಿಸಿದವರು ಯಾರು? ಬಿ.ಎಲ್. ರೈಸ್. ಒಂದು ಅಂಕದ ಪ್ರಶ್ನೆ, ಒಂದು ಪದದ ಉತ್ತರ. ಹೈಸ್ಕೂಲಿನಲ್ಲಿ ನಾವೆಲ್ಲ ಇದನ್ನ ಬಾಯಿಪಾಠ ಮಾಡಿದ್ದೇವೆ. ಆಮೇಲೆ ಪಿಯುಸಿ, ಸಿಇಟಿ, ಇಂಜಿನಿಯರಿಂಗ್ ಅಂತ ಬಂದು ಬಿದ್ದಮೇಲೆ ಆ ಹೆಸರು ಎಲ್ಲೋ ಕಳೆದುಹೋಯಿತು. ಇತಿಹಾಸ ಓದೋದು ಆರ್ಟ್ಸ್ ಹುಡುಗರ ಕೆಲಸ, ನಮಗೆ ಬೇಕಿರೋದು ಮುಂದಿನದು, ಹಿಂದಿನದಲ್ಲ ಅನ್ನೋ ಮಾತು ನಮ್ಮ ಕ್ಯಾಂಟೀನಿನಲ್ಲೂ ಆಗಾಗ ಕೇಳಿಬರುತ್ತೆ. ಈ ಸಂಚಿಕೆಗೆ ಯಾರ ಬಗ್ಗೆ ಬರೆಯೋಣ ಅಂತ ಕೂತಾಗ ನಾವು ಬೇಕಂತಲೇ ರೈಸ್ ಅವರನ್ನ ಆರಿಸಿಕೊಂಡೆವು. ಯಾಕೆಂದರೆ ಅವರು ಮಾಡಿದ ಕೆಲಸ ನೋಡಿದರೆ ಅದು ಕತೆ ಹೇಳುವವರ ಕೆಲಸಕ್ಕಿಂತ ನಮ್ಮ ಸರ್ವೆ ಕೆಲಸಕ್ಕೇ ಹೆಚ್ಚು ಹತ್ತಿರ. ಇನ್ನೊಂದು ಕಾರಣವೂ ಇದೆ. ಅವರು ಓದಿದ ಎಷ್ಟೋ ಕಲ್ಲುಗಳು ಇವತ್ತು ಇಲ್ಲ. ಲೇಔಟ್ ಆದವು, ಪಾಯಕ್ಕೆ ಹೋದವು, ಜೆಸಿಬಿ ಬಾಯಿಗೆ ಬಿದ್ದವು. ಅವರು ಬರೆದಿಟ್ಟಿದ್ದಕ್ಕೆ ಮಾತ್ರ ಆ ಕಲ್ಲುಗಳ ಮಾತು ಉಳಿದಿದೆ.

ಬೆಂಜಮಿನ್ ಲೂಯಿಸ್ ರೈಸ್ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ, 1837ರ ಜುಲೈ 17ರಂದು. ತಂದೆ ಲಂಡನ್ ಮಿಷನ್ನಿನ ಪಾದ್ರಿ, ಕನ್ನಡ ಚೆನ್ನಾಗಿ ಬಲ್ಲವರು. ಆ 1837ಕ್ಕೆ ಇನ್ನೊಂದು ವಿಶೇಷ ಇದೆ. ಅದೇ ವರ್ಷ ಕಲ್ಕತ್ತದ ಟಂಕಸಾಲೆಯಲ್ಲಿ ಲೋಹ ಪರೀಕ್ಷೆ ಮಾಡುವ ಕೆಲಸದಲ್ಲಿದ್ದ ಜೇಮ್ಸ್ ಪ್ರಿನ್ಸೆಪ್, ಅಲ್ಲಿಯವರೆಗೆ ಯಾರಿಗೂ ಸರಿಯಾಗಿ ಓದಲಾಗದಿದ್ದ ಬ್ರಾಹ್ಮೀ ಲಿಪಿಯನ್ನ ಬಿಡಿಸಿದರು. ಲಿಪಿ ಓದುವ ಕೀಲಿ ಸಿಕ್ಕ ವರ್ಷವೇ ಅದನ್ನ ಕರ್ನಾಟಕದಲ್ಲಿ ಬಳಸಬೇಕಿದ್ದ ಮನುಷ್ಯ ಹುಟ್ಟಿದ್ದು ಬರೀ ಕಾಕತಾಳೀಯ. ಆದರೆ ಇಂಥ ಕಾಕತಾಳೀಯ ಕೇಳೋಕೆ ಚೆನ್ನಾಗಿರುತ್ತೆ, ಅದಕ್ಕೆ ಬರೆದೆವು.

ಓದಿದ್ದು ಇಂಗ್ಲೆಂಡಿನಲ್ಲಿ. 1860ರಲ್ಲಿ ವಾಪಸ್ ಬಂದು ಬೆಂಗಳೂರು ಹೈಸ್ಕೂಲಿಗೆ ಹೆಡ್‌ಮಾಸ್ಟರಾದರು. ಆ ಹೈಸ್ಕೂಲೇ 1875ರಲ್ಲಿ ಸೆಂಟ್ರಲ್ ಕಾಲೇಜ್ ಅನ್ನೋ ಹೆಸರು ಪಡೆಯಿತು. ಐದು ವರ್ಷ ಕಳೆದ ಮೇಲೆ ಮೈಸೂರು ಮತ್ತು ಕೊಡಗಿನ ಶಾಲೆಗಳ ಇನ್‌ಸ್ಪೆಕ್ಟರ್ ಆದರು. ಆಗ ಮೈಸೂರು ಸೀಮೆ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. ಹೋಬಳಿಗೊಂದು ಶಾಲೆ ಬೇಕು ಅನ್ನೋ ಯೋಜನೆ 1868ರ ಹೊತ್ತಿಗೆ ರೂಪುಗೊಂಡಿದ್ದರ ಹಿಂದೆ ರೈಸ್ ಇದ್ದರು. ನಮ್ಮ ಅಜ್ಜಂದಿರ ಅಜ್ಜಂದಿರು ಹಳ್ಳಿಯಲ್ಲಿ ಸರ್ಕಾರಿ ಶಾಲೆ ಮೆಟ್ಟಿಲು ಹತ್ತಿದ್ದರೆ ಅದರಲ್ಲಿ ಈ ಯೋಜನೆಯ ಪಾಲೂ ಇರಬಹುದು. ಶಾಸನದ ಮಾತಿನಲ್ಲಿ ಇದು ಮರೆತುಹೋಗುತ್ತೆ.

ಶಾಲೆ ತಪಾಸಣೆ ಅಂದರೆ ಆಗ ಬಸ್ಸಿಲ್ಲ, ಕಾರಿಲ್ಲ, ಊರಿಂದ ಊರಿಗೆ ಕುದುರೆ ಮೇಲೆ ಅಥವಾ ಗಾಡಿಯಲ್ಲಿ ಹೋಗಬೇಕು. ಹಾಗೆ ಹೋಗುವವರಿಗೆ ಮೈಸೂರು ಸೀಮೆಯಲ್ಲಿ ಕಣ್ಣಿಗೆ ಬೀಳದೇ ಇರೋಕೆ ಸಾಧ್ಯವೇ ಇಲ್ಲದ ವಸ್ತು ಒಂದಿತ್ತು. ಬರೆಹ ಕೆತ್ತಿದ ಕಲ್ಲು. ಗುಡಿ ಬಾಗಿಲಲ್ಲಿ, ಕೆರೆ ಏರಿ ಮೇಲೆ, ಹೊಲದ ನಡುವೆ, ಊರ ಮುಂದಿನ ಅರಳಿಕಟ್ಟೆ ಪಕ್ಕ. ಊರವರಿಗೆ ಅದು ದೇವರು, ಅಥವಾ ನಿಧಿಯ ಗುಟ್ಟು, ಅಥವಾ ಬಟ್ಟೆ ಒಗೆಯೋ ಚಪ್ಪಡಿ. ಏನು ಬರೆದಿದೆ ಅಂತ ಗೊತ್ತಿದ್ದವರು ಬಹಳ ಕಡಿಮೆ.

1865ರ ಸುಮಾರಿಗೆ ಮೇಜರ್ ಡಿಕ್ಸನ್ ಅನ್ನೋ ಸೈನ್ಯಾಧಿಕಾರಿ ಮೈಸೂರು ಸೀಮೆಯ ನೂರೈವತ್ತರಷ್ಟು ಶಾಸನಗಳ ಫೋಟೋ ತೆಗೆದಿದ್ದರು. ಕ್ಯಾಮೆರಾ ಅಂದರೆ ಗಾಡಿ ತುಂಬ ಸಾಮಾನು ಹೊರಬೇಕಿದ್ದ ಕಾಲ ಅದು. ಫೋಟೋ ಏನೋ ಬಂತು, ಓದೋರು ಯಾರು? ಆ ಕೆಲಸ ಕೊನೆಗೆ ರೈಸ್ ಹೆಗಲಿಗೆ ಬಿತ್ತು. ಹಳಗನ್ನಡ ಗೊತ್ತಿರಬೇಕು, ಸಂಸ್ಕೃತ ಗೊತ್ತಿರಬೇಕು, ನೂರು ವರ್ಷಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ಬದಲಾಗುವ ಅಕ್ಷರದ ಆಕಾರ ಗುರುತಿಸಬೇಕು. ಪಂಡಿತರನ್ನ ಪಕ್ಕದಲ್ಲಿ ಕೂರಿಸಿಕೊಂಡು ಓದಿದರು. 1879ರಲ್ಲಿ ಮೈಸೂರು ಶಾಸನಗಳ ಅನುವಾದ ಪುಸ್ತಕವಾಗಿ ಬಂತು. ಅದಕ್ಕೂ ಮುಂಚೆಯೇ ಅವರು ಮೈಸೂರು ಮತ್ತು ಕೊಡಗಿನ ಗೆಝೆಟಿಯರ್ ಬರೆದು ಮುಗಿಸಿದ್ದರು. ಬೆಟ್ಟ, ಹೊಳೆ, ಬೆಳೆ, ಜಾತಿ, ಸಂತೆ, ಎಲ್ಲವೂ ಇದ್ದ ದಪ್ಪ ಸಂಪುಟಗಳು. 1897ರಲ್ಲಿ ಅದನ್ನ ತಿದ್ದಿ ಮತ್ತೆ ಪ್ರಕಟಿಸಿದರು.

ಒಂದು ಮಾತು ಇಲ್ಲೇ ಹೇಳಿಬಿಡೋಣ. ಗೆಝೆಟಿಯರ್ ಆಗಲಿ, ಶಾಸನ ಸಂಗ್ರಹ ಆಗಲಿ, ಬ್ರಿಟಿಷರು ಬರೀ ಜ್ಞಾನದ ಮೇಲಿನ ಪ್ರೀತಿಗೆ ಶುರು ಮಾಡಿದ್ದಲ್ಲ. ಯಾವ ಭೂಮಿ ಯಾರದು, ಯಾವುದು ಇನಾಮು, ಯಾವುದಕ್ಕೆ ಕಂದಾಯ ಹಾಕಬಹುದು ಅಂತ ತಿಳಿಯೋದು ಆಳುವವರಿಗೆ ಬೇಕಿತ್ತು. ಹಾಗಂತ ರೈಸ್ ಮಾಡಿದ್ದೆಲ್ಲ ಸರ್ಕಾರಿ ಲೆಕ್ಕ ಅಂತ ತಳ್ಳಿಹಾಕೋದು ನಮಗೆ ಸರಿ ಅನ್ನಿಸಲ್ಲ. ಕಂದಾಯಕ್ಕೆ ಬೇಕಾಗಿದ್ದು ನೂರು ಕಲ್ಲಾದರೆ ಅವರು ಓದಿದ್ದು ಸಾವಿರಾರು. ಅದರಲ್ಲಿ ನಾಯಿಗೆ ನೆಟ್ಟ ಕಲ್ಲೂ ಒಂದು. ಅದರ ಕತೆ ಮುಂದೆ ಬರುತ್ತೆ.

1881ರಲ್ಲಿ ಮೈಸೂರು ಮತ್ತೆ ಒಡೆಯರ ಕೈಗೆ ಬಂತು. 1885ರಲ್ಲಿ ಸಂಸ್ಥಾನ ಪುರಾತತ್ತ್ವ ಇಲಾಖೆಯನ್ನ ಶುರು ಮಾಡಿ ರೈಸ್ ಅವರಿಗೇ ವಹಿಸಿತು. ಮೊದಮೊದಲು ಬೇರೆ ಹುದ್ದೆಯ ಜೊತೆಗೆ ಇದನ್ನೂ ನೋಡಿಕೊಳ್ಳುತ್ತಿದ್ದರು, 1890ರಿಂದ ಪೂರ್ತಿ ಇದೇ ಕೆಲಸ. ಆಗ ಅವರಿಗೆ ಐವತ್ಮೂರು ವರ್ಷ. ಈಗಿನ ಲೆಕ್ಕದಲ್ಲಿ ರಿಟೈರ್‌ಮೆಂಟ್ ಪ್ಲಾನ್ ಮಾಡುವ ವಯಸ್ಸು. ಅವರ ದೊಡ್ಡ ಕೆಲಸದ ಬಹುಪಾಲು ಆಗಿದ್ದು ಅಲ್ಲಿಂದ ಮುಂದೆ.

ಆ ಕೆಲಸ ಹೇಗೆ ನಡೀತಿತ್ತು ನೋಡಿ. ಮೊದಲು ಕಲ್ಲನ್ನ ಹುಡುಕಬೇಕು. ಅರ್ಧ ಹೂತಿದ್ದರೆ ಅಗೆಸಬೇಕು. ಎಣ್ಣೆ, ಕುಂಕುಮ, ಸುಣ್ಣ ಮೆತ್ತಿಕೊಂಡಿದ್ದರೆ ತೊಳೆಯಬೇಕು. ಆಮೇಲೆ ಪಡಿಯಚ್ಚು ತೆಗೆಯೋದು. ಒದ್ದೆ ಕಾಗದವನ್ನ ಕಲ್ಲಿನ ಮೇಲೆ ಹರಡಿ, ಬ್ರಶ್ಶಿನಿಂದ ತಟ್ಟಿ ತಟ್ಟಿ ಅಕ್ಷರದ ಗುಳಿಯೊಳಗೆ ಕೂರಿಸಬೇಕು. ಮೇಲೆ ಮಸಿ ಒತ್ತಿದರೆ ಹಿನ್ನೆಲೆ ಕಪ್ಪಾಗಿ ಅಕ್ಷರ ಬಿಳಿಯಾಗಿ ಉಳಿಯುತ್ತೆ. ಒಣಗಿದ ಕಾಗದ ತಂದು, ಓದಿ, ಕನ್ನಡ ಅಕ್ಷರದಲ್ಲಿ ಒಮ್ಮೆ, ರೋಮನ್ ಅಕ್ಷರದಲ್ಲಿ ಒಮ್ಮೆ ಅಚ್ಚು ಹಾಕಿ, ಇಂಗ್ಲಿಷ್ ಅನುವಾದ ಸೇರಿಸಿ, ಯಾವ ತಾಲ್ಲೂಕು, ಯಾವ ಊರು, ಊರಿನ ಯಾವ ಜಾಗ ಅಂತ ಗುರುತು ಹಾಕಬೇಕು. ಪ್ರತಿ ತಾಲ್ಲೂಕಿಗೂ ಒಂದು ಸಂಕೇತಾಕ್ಷರ, ಪ್ರತಿ ಕಲ್ಲಿಗೂ ಒಂದು ಕ್ರಮಸಂಖ್ಯೆ. ಡೇಟಾಬೇಸ್ ಲ್ಯಾಬಿನಲ್ಲಿ ನಮಗೆ ಪ್ರೈಮರಿ ಕೀ ಅಂತ ಹೇಳಿಕೊಡ್ತಾರಲ್ಲ, ಅದೇ. ಇವತ್ತಿಗೂ ಸಂಶೋಧಕರು ಆ ಸಂಖ್ಯೆಗಳನ್ನೇ ಬಳಸುತ್ತಾರೆ.

ಹೀಗೆ ಎಪಿಗ್ರಾಫಿಯಾ ಕರ್ನಾಟಿಕಾದ ಮೊದಲ ಸಂಪುಟ, ಕೊಡಗಿನದು, 1886ರಲ್ಲಿ ಬಂತು. 1905ರ ಹೊತ್ತಿಗೆ ಹನ್ನೆರಡು ಸಂಪುಟ. ಒಟ್ಟು ಶಾಸನಗಳು 8,869. ಕಂಪ್ಯೂಟರ್ ಬಿಡಿ, ಊರಿಗೆ ಕರೆಂಟೇ ಇಲ್ಲದ ಕಾಲದಲ್ಲಿ. ಜೊತೆಜೊತೆಗೆ ಹಳೆಯ ಕನ್ನಡ ಕಾವ್ಯ, ವ್ಯಾಕರಣಗಳನ್ನ ತಾಳೆಗರಿಯಿಂದ ಅಚ್ಚಿಗೆ ತರುವ ಗ್ರಂಥಮಾಲೆಯೂ ನಡೀತು. ನಾಗವರ್ಮನ ಭಾಷಾಭೂಷಣ 1884ರಲ್ಲಿ ಬಂತು. ಕೆ.ಬಿ. ಪಾಠಕರು ಸಂಪಾದಿಸಿದ ಕವಿರಾಜಮಾರ್ಗ 1898ರಲ್ಲಿ ಇದೇ ಮಾಲೆಯಲ್ಲಿ ಹೊರಬಂತು. ಕಾವೇರಿಯಿಂದ ಗೋದಾವರಿವರೆಗೆ ಅಂತ ನಾವು ರಾಜ್ಯೋತ್ಸವದ ಸ್ಟೇಜಿನಲ್ಲಿ ಎದೆ ತಟ್ಟಿ ಹೇಳುವ ಮಾತಿನ ಮೂಲ ಗ್ರಂಥ ಎಲ್ಲರ ಕೈಗೆ ಸಿಕ್ಕಿದ್ದು ಆಗ.

ಆ ಎಂಟು ಸಾವಿರದಷ್ಟು ಕಲ್ಲುಗಳಲ್ಲಿ ಏನಿದೆ? ರಾಜರ ಹೊಗಳಿಕೆ ಇದ್ದೇ ಇದೆ, ಬೇಕಾದಷ್ಟು. ಅದನ್ನ ದಾಟಿ ಕೆಳಗಿನ ಸಾಲಿಗೆ ಬಂದರೆ ನಮ್ಮ ಸಿವಿಲ್ ಬ್ರಾಂಚಿನವರ ಜಗತ್ತು ಶುರುವಾಗುತ್ತೆ. ಕೆರೆ ಕಟ್ಟಿಸಿದ್ದು, ಒಡೆದ ಏರಿ ಸರಿ ಮಾಡಿಸಿದ್ದು, ತೂಬು ಇಡಿಸಿದ್ದು, ಕಾಲುವೆ ತೋಡಿಸಿದ್ದು. ಬೆಂಗಳೂರಿನ ಆಗರದಲ್ಲಿ ಸುಮಾರು ಕ್ರಿ.ಶ. 870ರ ಶಾಸನವಿದೆ. ಕೆರೆಗಳಿಗೆ ತೂಬು ಇಡಿಸಿ ಇನ್ನೊಂದು ಕೆರೆ ಕಟ್ಟಿಸಿದ ವಿಷಯ ಅದರಲ್ಲಿದೆ. ಆಗರ ಕೆರೆ ಇವತ್ತಿಗೂ ಇದೆ. ಔಟರ್ ರಿಂಗ್ ರೋಡಿನಲ್ಲಿ ಸಿಲ್ಕ್ ಬೋರ್ಡ್ ಕಡೆಯಿಂದ ಬರುವ ಟ್ರಾಫಿಕ್ಕಿನಲ್ಲಿ ನಿಂತಾಗ ಪಕ್ಕದಲ್ಲಿ ಕಾಣೋ ನೀರೇ ಅದು.

ಇನ್ನೂ ಮುಖ್ಯವಾದದ್ದು, ಕೆರೆ ಕಟ್ಟಿ ಬಿಟ್ಟುಬಿಡುವ ಪದ್ಧತಿ ಅಲ್ಲಿಲ್ಲ. ಕಟ್ಟಿದವರಿಗೆ, ಮುಂದೆ ಅದನ್ನ ನೋಡಿಕೊಳ್ಳುವವರಿಗೆ, ಕೆರೆಯ ಕೆಳಗೇ ಇಷ್ಟು ಗದ್ದೆ ಅಂತ ಬಿಟ್ಟುಕೊಡುತ್ತಿದ್ದರು. ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಅನ್ನೋ ಪದಗಳು ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಲೆಕ್ಕ ಸರಳ. ಕೆರೆ ತುಂಬಿದರೆ ಮಾತ್ರ ಅವನ ಗದ್ದೆ ಬೆಳೆಯುತ್ತೆ, ಹೂಳು ತೆಗೆಯದೇ ಬಿಟ್ಟರೆ ಮೊದಲು ಹೊಟ್ಟೆ ಕಾಯೋದು ಅವನದ್ದೇ. ನಿರ್ವಹಣೆಯ ಖರ್ಚನ್ನ ಯೋಜನೆಯ ಒಳಗೇ ಕೂಡಿಸಿಟ್ಟಿದ್ದರು. ನಮ್ಮ ಕಾಲದಲ್ಲಿ ಉದ್ಘಾಟನೆಗೆ ದುಡ್ಡು ಇರುತ್ತೆ, ಮೂರು ವರ್ಷದ ಮೇಲೆ ಗೇಟ್ ವಾಲ್ವಿಗೆ ಗ್ರೀಸ್ ಹಾಕೋಕೆ ಇರಲ್ಲ. ಇದನ್ನ ನಾವು ವ್ಯಂಗ್ಯಕ್ಕೆ ಹೇಳ್ತಿಲ್ಲ, ಮುಂದೆ ಇದೇ ಟೆಂಡರುಗಳನ್ನ ಬರೆಯೋರು ನಾವೇ ಅಲ್ವಾ.

ರೈಸ್ ಸಂಪುಟಗಳಿಂದ ಹೊರಗಿನದಾದರೂ ಇದೇ ಜಾತಿಯ ಇನ್ನೊಂದು ಕಲ್ಲಿನ ವಿಷಯ ಬರೆಯದಿರೋಕೆ ಆಗಲ್ಲ. ಆಂಧ್ರದ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ರಾಜಕುಮಾರ ಭಾಸ್ಕರ 1369ರಲ್ಲಿ ಹಾಕಿಸಿದ ಶಾಸನ ಅದು. ಒಳ್ಳೆ ಕೆರೆಗೆ ಬೇಕಾದ ಹನ್ನೆರಡು ಅಂಗಗಳು ಯಾವುವು, ಕೆರೆಗೆ ಬರಬಾರದ ಆರು ದೋಷಗಳು ಯಾವುವು ಅಂತ ಪಟ್ಟಿಯೇ ಇದೆ. ಎರಡು ವರ್ಷ, ದಿನಕ್ಕೆ ಸಾವಿರ ಆಳು, ನೂರು ಗಾಡಿ ಅಂತ ಲೆಕ್ಕವೂ ಇದೆ. ಪ್ರಾಜೆಕ್ಟ್ ರಿಪೋರ್ಟ್ ಕಲ್ಲಿನ ಮೇಲೆ.

2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಐಟಿ ಕಾರಿಡಾರ್ ಮುಳುಗಿ, ಟ್ರ್ಯಾಕ್ಟರಿನಲ್ಲಿ ಆಫೀಸಿಗೆ ಹೋದ ವೀಡಿಯೋಗಳನ್ನ ನಾವೆಲ್ಲ ನೋಡಿದ್ದೇವೆ. ಆ ಪ್ರದೇಶದಲ್ಲಿ ಒಂದು ಕೆರೆಯ ಕೋಡಿ ಹರಿದು ಮುಂದಿನ ಕೆರೆಗೆ ಹೋಗುವಂತೆ ಸರಪಳಿ ಇತ್ತು. ನೀರಿಗೆ ದಾರಿ ನೆನಪಿತ್ತು, ನಕ್ಷೆ ಮಾಡಿದವರಿಗೆ ಇರಲಿಲ್ಲ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣ ಆಯಿತು, ಸಂಪಂಗಿ ಕೆರೆಯಲ್ಲಿ ಕಂಠೀರವ ಸ್ಟೇಡಿಯಂ ಎದ್ದಿತು ಅನ್ನೋದು ಎಲ್ಲರಿಗೂ ಗೊತ್ತಿರೋ ವಿಷಯ. ಆದರೆ ಹೆಸರೇ ಕೇಳಿರದ ಸಣ್ಣ ಸಣ್ಣ ಕೆರೆಗಳು? ಅವು ಎಲ್ಲಿದ್ದವು, ಯಾರ ಗದ್ದೆಗೆ ನೀರು ಹೋಗ್ತಿತ್ತು ಅನ್ನೋದಕ್ಕೆ ಕೆಲವು ಕಡೆ ಉಳಿದಿರೋ ಅತ್ಯಂತ ಹಳೆಯ ಲಿಖಿತ ಸಾಕ್ಷಿ ಒಂದು ಶಾಸನದ ನಾಲ್ಕು ಸಾಲು. ಡ್ರೈನೇಜ್ ಡಿಸೈನ್ ಮಾಡುವವರು ಕಂದಾಯ ನಕ್ಷೆಯ ಜೊತೆ 1905ರ ಬೆಂಗಳೂರು ಸಂಪುಟವನ್ನೂ ಒಮ್ಮೆ ತಿರುವಿ ಹಾಕಿದರೆ ನಷ್ಟವೇನಿಲ್ಲ.

ಈಗ ನಾಯಿ ಕತೆ. ಮದ್ದೂರಿನ ಹತ್ತಿರ ಆತಕೂರು ಅನ್ನೋ ಊರು. ಅಲ್ಲಿನ ಹತ್ತನೇ ಶತಮಾನದ ಕಲ್ಲೊಂದರಲ್ಲಿ ನಾಯಿ ಮತ್ತು ಹಂದಿ ಕಾದಾಡುವ ಚಿತ್ರವಿದೆ. ನಾಯಿಯ ಹೆಸರು ಕಾಳಿ. ಗಂಗರ ಬೂತುಗ ತನ್ನ ವೀರ ಮಣಲೆರನಿಗೆ ಕೊಟ್ಟ ಬೇಟೆನಾಯಿ. ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ಮಣಲೆರ ನಾಯಿಗೆ ಕಲ್ಲು ನೆಡಿಸಿ, ಅದಕ್ಕೆ ಪೂಜೆ ನಡೆಯುವಂತೆ ಭೂಮಿ ಬಿಟ್ಟ. ಇಷ್ಟೇ ಆಗಿದ್ದರೆ ಇನ್‌ಸ್ಟಾದಲ್ಲಿ ಹಾಕೋ ಸಂಗತಿ. ಆದರೆ ಅದೇ ಕಲ್ಲಿನಲ್ಲಿ ಇನ್ನೊಂದು ಸುದ್ದಿಯೂ ಇದೆ. ಸುಮಾರು 949ರಲ್ಲಿ ತಕ್ಕೋಲದಲ್ಲಿ ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನ ಬೂತುಗ ಕೊಂದ ಸುದ್ದಿ. ದಕ್ಷಿಣ ಭಾರತದ ರಾಜಕೀಯವನ್ನೇ ತಿರುಗಿಸಿದ ಯುದ್ಧಕ್ಕೆ ಒಂದು ಮುಖ್ಯ ಸಾಕ್ಷಿ ಸಿಕ್ಕಿದ್ದು ನಾಯಿಯ ಸಮಾಧಿ ಕಲ್ಲಿನಲ್ಲಿ. ಯಾವುದು ಮುಖ್ಯ ಶಾಸನ, ಯಾವುದು ಕ್ಷುಲ್ಲಕ ಅಂತ ಮೊದಲೇ ತೀರ್ಮಾನ ಮಾಡಿ ಕೈಬಿಡಬಾರದು ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ಕಬ್ಬನ್ ಪಾರ್ಕಿಗೆ ಹೋದಾಗ ನೋಡಿ ಬನ್ನಿ.

ಮಯೂರ ಸಿನಿಮಾ ನೋಡದ ಕನ್ನಡಿಗರು ಕಡಿಮೆ. 1975ರ ಚಿತ್ರ, ದೇವುಡು ಅವರ ಕಾದಂಬರಿ ಆಧರಿಸಿದ್ದು. ಸಿನಿಮಾದಲ್ಲಿ ಕಲ್ಪನೆ ಸಾಕಷ್ಟಿದೆ, ಇರಲಿ. ಆದರೆ ಕಂಚಿಗೆ ಓದೋಕೆ ಹೋದ ಹುಡುಗ ಪಲ್ಲವರ ಕುದುರೆ ಸವಾರನಿಂದ ಅವಮಾನವಾಗಿ, ದರ್ಭೆ ಹಿಡಿಯೋ ಕೈಯಲ್ಲಿ ಕತ್ತಿ ಹಿಡಿದು ರಾಜ್ಯ ಕಟ್ಟಿದ ಅನ್ನೋ ಎಳೆ ನಮಗೆ ಸಿಕ್ಕಿದ್ದು ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದಿಂದ. ಐದನೇ ಶತಮಾನದ ಆ ಕಂಬವನ್ನ ರೈಸ್ 1894ರಲ್ಲಿ ಬೆಳಕಿಗೆ ತಂದರು. ಅದಕ್ಕೂ ಮುಂಚೆ ಕದಂಬರ ಹುಟ್ಟಿನ ಬಗ್ಗೆ ಇದ್ದದ್ದು ಶಿವನ ಬೆವರ ಹನಿ ಕದಂಬ ಮರದಡಿ ಬಿದ್ದು ಮೂರು ಕಣ್ಣಿನ ವೀರ ಹುಟ್ಟಿದ ಅನ್ನುವಂಥ ಕತೆಗಳು. ಕತೆ ಚೆನ್ನಾಗಿದೆ. ಆದರೆ ಒಬ್ಬ ವಿದ್ಯಾರ್ಥಿಯ ಸಿಟ್ಟಿನಿಂದ ಒಂದು ರಾಜವಂಶ ಶುರುವಾಯಿತು ಅನ್ನೋದು ಅದಕ್ಕಿಂತ ಚೆನ್ನಾಗಿದೆ ಅಂತ ನಮ್ಮ ಅಭಿಪ್ರಾಯ.

ಅದಕ್ಕೂ ಎರಡು ವರ್ಷ ಮೊದಲು, 1892ರಲ್ಲಿ, ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರಿನ ಬಂಡೆಗಳ ನಡುವೆ ರೈಸ್ ಅವರಿಗೆ ಸಿಕ್ಕಿದ್ದು ಅಶೋಕನ ಶಾಸನಗಳು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಒಂದಕ್ಕೊಂದು ಹತ್ತಿರದ ಮೂರು ಜಾಗ. ಮೌರ್ಯರ ಆಡಳಿತ ಇಷ್ಟು ದಕ್ಷಿಣಕ್ಕೆ ಬಂದಿತ್ತು ಅನ್ನೋದಕ್ಕೆ ಆಗ ಗಟ್ಟಿ ಪುರಾವೆ ಸಿಕ್ಕಿತು. ಬರೆದವನ ಹೆಸರು ಚಪಡ. ಇಡೀ ಶಾಸನ ಬ್ರಾಹ್ಮಿಯಲ್ಲಿ ಬರೆದು, ಕೊನೆಗೆ ತಾನು ಲಿಪಿಕಾರ ಅನ್ನೋ ಪದವನ್ನ ಮಾತ್ರ ವಾಯವ್ಯ ಗಡಿಯ ಕಡೆ ಚಾಲ್ತಿಯಲ್ಲಿದ್ದ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ, ಬರೆದಿದ್ದಾನೆ. ಎಲ್ಲಿಂದಲೋ ಟ್ರಾನ್ಸ್‌ಫರ್ ಆಗಿ ಬಂದವನಿರಬೇಕು. ಎರಡು ಸಾವಿರದ ಇನ್ನೂರು ವರ್ಷದ ಹಿಂದೆ ಮೊಳಕಾಲ್ಮೂರಿನ ಬಿಸಿಲಿನಲ್ಲಿ ಕೂತು ತನ್ನ ಕಡೆಯ ಲಿಪಿಯಲ್ಲಿ ಒಂದು ಸಹಿ. ಬೇರೆ ರಾಜ್ಯದಿಂದ ಬಂದು ನಮ್ಮ ಹಾಸ್ಟೆಲಿನ ಗೋಡೆ ಮೇಲೆ ತಮ್ಮ ಲಿಪಿಯಲ್ಲಿ ಹೆಸರು ಗೀಚಿ ಹೋದ ಸೀನಿಯರ್‌ಗಳು ನೆನಪಾಗುತ್ತಾರೆ.

ಅಂದಹಾಗೆ, ದೇವಾನಾಂಪ್ರಿಯ ಅಂತ ಶಾಸನಗಳಲ್ಲಿ ಕರೆಸಿಕೊಳ್ಳುವ ರಾಜ ಅಶೋಕನೇ ಅಂತ ಹೆಸರು ಸಮೇತ ಖಚಿತಪಡಿಸಿದ ರಾಯಚೂರು ಜಿಲ್ಲೆಯ ಮಸ್ಕಿ ಶಾಸನವನ್ನ 1915ರಲ್ಲಿ ಕಂಡುಹಿಡಿದದ್ದು ಚಿನ್ನದ ಗಣಿಯ ಇಂಜಿನಿಯರ್ ಬೀಡನ್. ನಮ್ಮವರು.

ಇಲ್ಲಿವರೆಗೆ ಬರೀ ಹೊಗಳಿಕೆ ಆಯಿತು. ರೈಸ್ ಹೇಳಿದ್ದೆಲ್ಲ ನಿಂತಿಲ್ಲ. ಅವರ ಬದುಕಿನ ಬಹುದೊಡ್ಡ ಜಗಳ ನಡೆದದ್ದು ಬೊಂಬಾಯಿ ಸರ್ಕಾರದ ಅಧಿಕಾರಿ, ನಮ್ಮ ಧಾರವಾಡ, ಬೆಳಗಾವಿ ಕಡೆಯ ಶಾಸನಗಳನ್ನ ಓದಿದ ಜಾನ್ ಫೇತ್‌ಫುಲ್ ಫ್ಲೀಟ್ ಅವರ ಜೊತೆ. ವಿಷಯ ಗಂಗರ ತಾಮ್ರಪಟಗಳು. ರೈಸ್ ಅವುಗಳನ್ನ ನಂಬಿ ಗಂಗರ ವಂಶಾವಳಿ ಕಟ್ಟಿದರು. ಫ್ಲೀಟ್ ಅವು ಖೋಟಾ ಅಂದರು. ಅಕ್ಷರದ ಆಕಾರ ಹೇಳೋ ಕಾಲ ಒಂದು, ಬರೆದಿರೋ ವರ್ಷ ಇನ್ನೊಂದು. ತಿಥಿ, ವಾರ, ಸಂವತ್ಸರ ಒಂದಕ್ಕೊಂದು ಕೂಡಲ್ಲ. ಈ ತಿಥಿ ವಾರದ ತಾಳೆ ಅಂದರೆ ನಮ್ಮ ಚೆಕ್‌ಸಮ್ ಇದ್ದ ಹಾಗೆ. ಆ ದಿನ ಗ್ರಹಣ ಅಂತ ಬರೆದಿದ್ದರೆ ನಿಜವಾಗಿ ಗ್ರಹಣ ಇತ್ತೋ ಇಲ್ಲವೋ ಅಂತ ಗಣಿತ ಹಾಕಿ ನೋಡಬಹುದು. ಸುಳ್ಳು ಬರೆದವನಿಗೆ ಅಷ್ಟು ಹಿಂದಿನ ಪಂಚಾಂಗ ಲೆಕ್ಕ ಹಾಕೋದು ಕಷ್ಟ, ಅಲ್ಲೇ ಸಿಕ್ಕಿಬೀಳ್ತಾನೆ.

ಯಾಕೆ ಖೋಟಾ ಮಾಡ್ತಿದ್ದರು? ಭೂಮಿಗೆ. ಈ ಊರು ನಮ್ಮ ಮುತ್ತಾತನಿಗೆ ಇಂಥ ರಾಜ ಕೊಟ್ಟಿದ್ದು ಅಂತ ತೋರಿಸೋಕೆ. ಬೆಂಗಳೂರಿನ ಸುತ್ತಮುತ್ತ ಸೈಟು ಕೊಳ್ಳೋಕೆ ಹೋದ ಯಾರ ಅಪ್ಪನನ್ನಾದರೂ ಕೇಳಿ, ಡೂಪ್ಲಿಕೇಟ್ ದಾಖಲೆಯ ಕತೆ ಒಂದಾದರೂ ಇರುತ್ತೆ. ಕಲೆ ಹೊಸದಲ್ಲ, ತಾಮ್ರದ ಜಾಗಕ್ಕೆ ಸ್ಟಾಂಪ್ ಪೇಪರ್ ಬಂದಿದೆ ಅಷ್ಟೇ. ದಶಕಗಳ ಕಾಲ ಇಬ್ಬರೂ ಪಟ್ಟು ಬಿಡಲಿಲ್ಲ. ಕೊನೆಗೆ ತಿಳಿದವರು ಒಪ್ಪಿಕೊಂಡದ್ದು ನಡುವಿನ ದಾರಿ. ಆ ಪಟಗಳಲ್ಲಿ ಹಲವು ಖೋಟಾ ನಿಜ, ಕೆಲವು ಅಸಲಿ, ಗಂಗರಂತೂ ನಿಜವಾಗಿ ಆಳಿದವರೇ. ನಮಗೆ ಇದರಲ್ಲಿ ಇಷ್ಟವಾಗೋದು ಒಂದು ವಿಷಯ. ರೈಸ್ ಮೂಲಪಾಠವನ್ನ ಪೂರ್ತಿ ಅಚ್ಚು ಹಾಕಿದ್ದರಿಂದಲೇ ಅವರ ತಪ್ಪನ್ನ ತೋರಿಸೋದು ಬೇರೆಯವರಿಗೆ ಸಾಧ್ಯವಾಯಿತು. ವಾಟ್ಸಾಪಿನಲ್ಲಿ ಬರೋ ಇತಿಹಾಸಕ್ಕೂ ಇದಕ್ಕೂ ಇರೋ ವ್ಯತ್ಯಾಸ ಅದು. ಅಲ್ಲಿ ತೀರ್ಮಾನ ಮಾತ್ರ ಇರುತ್ತೆ, ಕಲ್ಲು ಇರಲ್ಲ.

ಇನ್ನೊಂದು ಕೊರತೆ. ಸಂಪುಟದ ಮೇಲೆ ರೈಸ್ ಹೆಸರಿದೆ. ಏಣಿ ಹತ್ತಿ ಪಡಿಯಚ್ಚು ತೆಗೆದವರು, ಹಳಗನ್ನಡದ ಗಂಟು ಬಿಡಿಸಿಕೊಟ್ಟ ಪಂಡಿತರು, ತಿರುಗಿ ತಿರುಗಿ ಪ್ರತಿ ಮಾಡಿದ ಗುಮಾಸ್ತರು, ಮೊಳೆ ಜೋಡಿಸಿದ ಅಚ್ಚುಕೂಟದವರು, ಇವರಲ್ಲಿ ನಮಗೆ ಹೆಸರು ಗೊತ್ತಿರೋದು ಬೆರಳೆಣಿಕೆಯಷ್ಟು ಜನರದ್ದು. ಅವರಲ್ಲಿ ಬೆಳಗಿದವರು ಆರ್. ನರಸಿಂಹಾಚಾರ್ಯರು. ರೈಸ್ ಕೈಕೆಳಗೆ ಕೆಲಸ ಮಾಡಿ, 1906ರಲ್ಲಿ ರೈಸ್ ನಿವೃತ್ತರಾದ ಮೇಲೆ ಇಲಾಖೆಯನ್ನ ಮುನ್ನಡೆಸಿದರು. ರೈಸ್ 1889ರಲ್ಲಿ ಶ್ರವಣಬೆಳಗೊಳದ 144 ಶಾಸನ ಪ್ರಕಟಿಸಿದ್ದರು. ನರಸಿಂಹಾಚಾರ್ಯರು ಅದೇ ಬೆಟ್ಟಗಳನ್ನ ಮತ್ತೆ ಹತ್ತಿ ಇಳಿದು 1923ರಲ್ಲಿ 500 ಕೊಟ್ಟರು. ಗುರುವಿನ ಕೆಲಸ ಮುಗಿದಿದೆ ಅಂತ ಶಿಷ್ಯ ಒಪ್ಪಿಕೊಳ್ಳಲಿಲ್ಲ. ಒಳ್ಳೆ ಶಿಷ್ಯ.

ಬೆಂಗಳೂರಿನ ಹೆಸರಿನ ಗುಟ್ಟನ್ನ ಬಯಲು ಮಾಡಿದ್ದೂ ಇವರೇ. ದಾರಿ ತಪ್ಪಿದ ಹೊಯ್ಸಳ ಬಲ್ಲಾಳನಿಗೆ ಮುದುಕಿ ಬೆಂದ ಕಾಳು ಕೊಟ್ಟಳು, ಅದರಿಂದ ಬೆಂದಕಾಳೂರು ಅನ್ನೋ ಕತೆ ನಮಗೆಲ್ಲ ಗೊತ್ತು. ಎರಡನೇ ಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಆದರೆ ಬೇಗೂರಿನ ದೇವಸ್ಥಾನದಲ್ಲಿ ನರಸಿಂಹಾಚಾರ್ಯರು ಗುರುತಿಸಿದ ಸುಮಾರು 890ರ ವೀರಗಲ್ಲಿನಲ್ಲಿ ಬೆಂಗಳೂರ ಕಾಳಗದಲ್ಲಿ ಮಡಿದವನ ವಿಷಯವಿದೆ. ಅಂದರೆ ಕಾಳು ಬೇಯೋಕೆ ಸುಮಾರು ಮುನ್ನೂರು ವರ್ಷ ಮೊದಲೇ ಊರಿಗೆ ಹೆಸರಿತ್ತು. 1537ರ ಕೆಂಪೇಗೌಡರ ಕೋಟೆಗಂತೂ ಆರುನೂರಕ್ಕೂ ಹೆಚ್ಚು ವರ್ಷ ಮೊದಲು.

ಬೆಂಗಳೂರು ಯಾರದು ಅನ್ನೋ ಜಗಳ ಆಗಾಗ ಏಳುತ್ತಲ್ಲ, ಅದಕ್ಕೂ ಈ ಸಂಪುಟಗಳಲ್ಲಿ ಉತ್ತರ ಇದೆ, ಆದರೆ ಯಾರಿಗೂ ಪೂರ್ತಿ ಖುಷಿ ಕೊಡೋ ಉತ್ತರ ಅಲ್ಲ. ಬೇಗೂರಿನದು ಹಳೆಯ ಕನ್ನಡ. ದೊಮ್ಮಲೂರಿನ ಚೊಕ್ಕನಾಥಸ್ವಾಮಿ ಗುಡಿಯಲ್ಲಿ ತಮಿಳು ಶಾಸನಗಳು. ಕೋಲಾರ ಸಂಪುಟದಲ್ಲಿ ತಮಿಳು ಬೇಕಾದಷ್ಟು, ತೆಲುಗೂ ಇದೆ. ರೈಸ್ ಯಾವುದನ್ನೂ ಬಿಡಲಿಲ್ಲ, ಸಿಕ್ಕಿದ್ದನ್ನ ಸಿಕ್ಕ ಭಾಷೆಯಲ್ಲೇ ಹಾಕಿದರು. 2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಸ್ಥಾನ ಸಿಕ್ಕಿತು. ಭಾಷೆ ಎಷ್ಟು ಹಳೆಯದು ಅಂತ ತೋರಿಸೋಕೆ ನಾವು ಮೊದಲು ಮುಂದಿಡೋ ಹಲ್ಮಿಡಿ ಶಾಸನವನ್ನ 1936ರಲ್ಲಿ ಗುರುತಿಸಿದವರು ಇದೇ ಇಲಾಖೆಯ ಎಂ.ಎಚ್. ಕೃಷ್ಣ. ಅಭಿಮಾನಕ್ಕೆ ಶಾಸನ ಬೇಕಾದರೆ, ನಮಗೆ ಇಷ್ಟವಿಲ್ಲದ ಶಾಸನವನ್ನೂ ಓದಬೇಕಾಗುತ್ತೆ.

ಹಳೆಯ ಶಾಸನಗಳ ಕೊನೆಯಲ್ಲಿ ಒಂದು ಶಾಪ ಇರುತ್ತೆ. ಈ ದಾನವನ್ನ ಕೆಡಿಸಿದವನು ಕಾಶಿಯಲ್ಲಿ ಗೋವು ಕೊಂದ ಪಾಪಕ್ಕೆ ಹೋಗ್ತಾನೆ, ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ತಾನೆ ಅನ್ನೋ ಥರದ್ದು. ಆಗಿನವರ ಟರ್ಮ್ಸ್ ಅಂಡ್ ಕಂಡಿಷನ್ಸ್. ಜೆಸಿಬಿ ಡ್ರೈವರಿಗೆ ಹಳಗನ್ನಡ ಬರಲ್ಲ, ಅವನನ್ನ ಬೈದು ಪ್ರಯೋಜನವಿಲ್ಲ. ಅಳಿದುಳಿದ ಕಲ್ಲುಗಳನ್ನ ಈಗ ಬೆಂಗಳೂರಿನ ಮಿಥಿಕ್ ಸೊಸೈಟಿಯ ಯೋಜನೆಯಲ್ಲಿ ತ್ರೀಡಿ ಸ್ಕ್ಯಾನ್ ಮಾಡುತ್ತಿದ್ದಾರೆ, ಅದರಲ್ಲಿ ಇಂಜಿನಿಯರುಗಳೂ ಇದ್ದಾರೆ. ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರವನ್ನೂ ಸ್ಕ್ಯಾನರ್ ಹಿಡಿಯುತ್ತೆ. 2018ರಲ್ಲಿ ಹೆಬ್ಬಾಳದಲ್ಲಿ ಕಾಮಗಾರಿಗೆ ನೆಲ ಅಗೆದಾಗ ಸಿಕ್ಕ ಕಿತ್ತಯ್ಯನ ವೀರಗಲ್ಲು ಸುಮಾರು 750ರದ್ದು. ಬೇಗೂರಿಗಿಂತಲೂ ಹಳೆಯದು, ರೈಸ್ ಕಣ್ಣಿಗೂ ಬಿದ್ದಿರಲಿಲ್ಲ.

ನಿವೃತ್ತಿಯ ಮೇಲೆ ರೈಸ್ ಇಂಗ್ಲೆಂಡಿನ ಹ್ಯಾರೋದಲ್ಲಿ ನೆಲೆಸಿದರು. ಅಲ್ಲಿ ಸುಮ್ಮನೆ ಕೂರಲಿಲ್ಲ, 1909ರಲ್ಲಿ ಶಾಸನಗಳಿಂದ ತಿಳಿಯುವ ಮೈಸೂರು ಮತ್ತು ಕೊಡಗಿನ ಚರಿತ್ರೆಯನ್ನ ಒಂದೇ ಪುಸ್ತಕದಲ್ಲಿ ಬರೆದರು. 1927ರ ಜುಲೈ 10ರಂದು, ತೊಂಬತ್ತಕ್ಕೆ ಒಂದು ವಾರ ಇರುವಾಗ, ತೀರಿಕೊಂಡರು. ಕನ್ನಡ ಸಾಹಿತ್ಯ ಚರಿತ್ರೆಯನ್ನ ಇಂಗ್ಲಿಷಿನಲ್ಲಿ ಬರೆದ ಇ.ಪಿ. ರೈಸ್ ಬೇರೆಯವರು, ಅದೇ ಮನೆತನದವರು. ಕ್ವಿಝ್‌ಗೆ ಹೋಗುವವರು ಗಮನಿಸಿ.

ಈಗ ಮಾಡಬೇಕಾದದ್ದು. ಎಪಿಗ್ರಾಫಿಯಾ ಕರ್ನಾಟಿಕಾದ ಹಳೆಯ ಸಂಪುಟಗಳು ಸ್ಕ್ಯಾನ್ ಆಗಿ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ಕೊಡಗು 1, ಶ್ರವಣಬೆಳಗೊಳ 2, ಮೈಸೂರು ಜಿಲ್ಲೆ 3 ಮತ್ತು 4, ಹಾಸನ 5, ಕಡೂರು ಅಂದರೆ ಈಗಿನ ಚಿಕ್ಕಮಗಳೂರು 6, ಶಿವಮೊಗ್ಗ 7 ಮತ್ತು 8, ಬೆಂಗಳೂರು 9, ಕೋಲಾರ 10, ಚಿತ್ರದುರ್ಗ 11, ತುಮಕೂರು 12. ಮಂಡ್ಯದವರು 3 ಮತ್ತು 4ರಲ್ಲಿ ಹುಡುಕಿ, ಆಗ ಮಂಡ್ಯ ಬೇರೆ ಜಿಲ್ಲೆ ಆಗಿರಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯ 1972ರಿಂದ ಹೊರತರುತ್ತಿರುವ ಪರಿಷ್ಕೃತ ಸಂಪುಟಗಳಲ್ಲಿ ಆಮೇಲೆ ಸಿಕ್ಕ ಶಾಸನಗಳೂ ಸೇರಿವೆ. ಧಾರವಾಡ, ವಿಜಯಪುರ, ಬಳ್ಳಾರಿ, ಮಂಗಳೂರು ಕಡೆಯ ಗೆಳೆಯರಿಗೆ ರೈಸ್ ಸಂಪುಟಗಳಲ್ಲಿ ನಿಮ್ಮೂರು ಸಿಗಲ್ಲ, ಬೇಜಾರಾಗಬೇಡಿ. ಕೇಂದ್ರ ಪುರಾತತ್ತ್ವ ಇಲಾಖೆಯ ದಕ್ಷಿಣ ಭಾರತ ಶಾಸನ ಸಂಪುಟಗಳನ್ನ ನೋಡಿ. ತಾಲ್ಲೂಕಿನ ಹೆಸರು ಹಿಡಿದು ಹೋಗಿ, ಊರಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಸ್ವಲ್ಪ ವಿಚಿತ್ರವಾಗಿ ಇರುತ್ತೆ. ಸಿಕ್ಕರೆ, ರಜೆಗೆ ಊರಿಗೆ ಹೋದಾಗ ಆ ಕಲ್ಲು ಇನ್ನೂ ಅಲ್ಲೇ ಇದೆಯಾ ನೋಡಿ, ಒಂದು ಫೋಟೋ ತೆಗೆದು, ಜಿಪಿಎಸ್ ಆನ್ ಮಾಡಿಕೊಂಡೇ ತೆಗೆದು, ನಮ್ಮ ಸಂಘಕ್ಕೆ ಕಳಿಸಿ. ಕಲ್ಲು ಇಲ್ಲದಿದ್ದರೆ ಜಾಗದ ಫೋಟೋ ಆದರೂ ಕಳಿಸಿ.